ಕೈಯಲ್ಲಿ ಮಾಡಿದ ವಸ್ತುಗಳ ಫೋಟೋ: ಬೆಳಕು ಮತ್ತು ಫ್ಲಾಶ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಸೂತಿ, ಕ್ರೋಶೆ, ಮಣಿಸರ, ಮಣ್ಣಿನ ಪಾತ್ರೆ, ಮರದ ಕೆತ್ತನೆ, ಮೇಣದಬತ್ತಿ, ರೆಸಿನ್ ಕೆಲಸ, ಏನೇ ಮಾಡಿರಲಿ, ಕೊನೆಗೆ ಅದರ ಫೋಟೋ ತೆಗೆಯಲೇಬೇಕು. ಫೋಟೋ ನೋಡುವವರು ಅದನ್ನು ಕೈಗೆತ್ತಿಕೊಂಡು ನೋಡುವ ಹಾಗಿಲ್ಲ. ದಾರದ ದಪ್ಪ, ಉಳಿಯ ಗುರುತು, ಬಟ್ಟೆಯ ನೇಯ್ಗೆ ಎಲ್ಲವೂ ಅವರಿಗೆ ಕಣ್ಣಿನಿಂದಲೇ ಗೊತ್ತಾಗಬೇಕು. ಯಂತ್ರದಲ್ಲಿ ಮಾಡಿದ ವಸ್ತುವಿಗೂ ಕೈಯಲ್ಲಿ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಇಂಥ ಸಣ್ಣ ಸಣ್ಣ ಗುರುತುಗಳಲ್ಲೇ ಇದೆ. ಬೆಳಕು ತಪ್ಪಾದರೆ ಮೊದಲು ಅಳಿಸಿಹೋಗುವುದೂ ಅವೇ. ಅದಕ್ಕೇ ಇಲ್ಲಿ ಕ್ಯಾಮೆರಾಗಿಂತ ಬೆಳಕಿನ ಬಗ್ಗೆ ಮಾತು ಜಾಸ್ತಿ.

ಎದುರಿಗೆ ನೋಡಿದರೆ ಚೆನ್ನಾಗಿರುತ್ತದೆ, ಫೋಟೋದಲ್ಲಿ ಮಾತ್ರ ಯಾಕೆ ಸಪ್ಪೆಯಾಗುತ್ತದೆ?

ಹೆಚ್ಚಿನ ಸಲ ಬೆಳಕು ಕಡಿಮೆ ಇರುವುದಿಲ್ಲ, ಅದು ಬರುವ ದಿಕ್ಕು ಸರಿ ಇರುವುದಿಲ್ಲ. ಕ್ಯಾಮೆರಾ ಇರುವ ಕಡೆಯಿಂದಲೇ ಬೆಳಕು ಬಂದರೆ ನೆರಳೆಲ್ಲ ವಸ್ತುವಿನ ಹಿಂದೆ ಅಡಗಿಕೊಳ್ಳುತ್ತದೆ. ನೆರಳಿಲ್ಲದಿದ್ದರೆ ಉಬ್ಬು ತಗ್ಗು ಕಾಣುವುದಿಲ್ಲ. ನಾವು ಎದುರಿಗೆ ನೋಡುವಾಗ ಎರಡು ಕಣ್ಣಿಂದ ನೋಡುತ್ತೇವೆ, ತಲೆ ಆ ಕಡೆ ಈ ಕಡೆ ವಾಲಿಸುತ್ತೇವೆ, ವಸ್ತುವನ್ನು ತಿರುಗಿಸುತ್ತೇವೆ, ಹಾಗಾಗಿ ಆಳ ತಾನಾಗೇ ತಿಳಿಯುತ್ತದೆ. ಕ್ಯಾಮೆರಾಗೆ ಇರುವುದು ಒಂದೇ ಕಣ್ಣು, ಅದೂ ಅಲ್ಲಾಡದ ಕಣ್ಣು. ಅದು ಆಳವನ್ನು ತೋರಿಸಬೇಕಾದರೆ ನೆರಳಿನ ಸಹಾಯ ಬೇಕು.

ನಂಬಿಕೆ ಬರಬೇಕಾದರೆ ಒಂದು ಕೆಲಸ ಮಾಡಿ ನೋಡಿ. ಕೋಣೆ ಕತ್ತಲು ಮಾಡಿ, ಕಸೂತಿ ಹಾಕಿದ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಒಂದು ಟಾರ್ಚ್ ತೆಗೆದುಕೊಂಡು ಮೊದಲು ನೇರ ಮೇಲಿಂದ ಹಿಡಿಯಿರಿ. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಇಳಿಸುತ್ತಾ ಬನ್ನಿ, ಬೆಳಕು ಬಟ್ಟೆಯನ್ನು ಸವರಿಕೊಂಡು ಹೋಗುವಷ್ಟು ಕೆಳಗೆ. ಒಂದೊಂದು ಹೊಲಿಗೆಯೂ ಎದ್ದು ನಿಲ್ಲುವುದು ಕಾಣುತ್ತದೆ. ಕಸೂತಿ, ನೇಯ್ಗೆ, ಚರ್ಮದ ಕೆಲಸ, ತೆಳು ಕೆತ್ತನೆ ಇಂಥ ಚಪ್ಪಟೆ ವಸ್ತುಗಳಿಗೆ ಹೀಗೆ ಸವರುವ ಬೆಳಕೇ ಬೇಕು. ಗೊಂಬೆ, ಹೂಜಿ, ಬುಟ್ಟಿಯಂಥ ದುಂಡಗಿನ ವಸ್ತುಗಳಿಗೆ ಅಷ್ಟು ಕೆಳಗಿನಿಂದ ಬೇಡ. ಒಂದು ಪಕ್ಕದಿಂದ ಸುಮಾರು 45 ಡಿಗ್ರಿ ಕೋನದಲ್ಲಿ, ಸ್ವಲ್ಪ ಮೇಲಿನಿಂದ ಬಂದರೆ ದುಂಡುತನ ಚೆನ್ನಾಗಿ ಕಾಣುತ್ತದೆ.

ಫೋನಿನ ಫ್ಲಾಶ್ ಹಾಕಬಹುದಾ?

ಬೇಡ. ಅದು ಲೆನ್ಸ್ ಪಕ್ಕದಲ್ಲೇ ಇರುವ ಪುಟ್ಟ ಎಲ್‌ಇಡಿ. ಮೇಲೆ ಹೇಳಿದ ತೊಂದರೆಯೆಲ್ಲ ಅದರಲ್ಲಿದೆ, ಜೊತೆಗೆ ಹೊಳೆಯುವ ಜಾಗದಲ್ಲೆಲ್ಲ ಬಿಳಿ ಚುಕ್ಕೆ ಬೀಳುತ್ತದೆ. ಕ್ಯಾಮೆರಾ ತಲೆಯ ಮೇಲೆ ಎದ್ದು ನಿಲ್ಲುವ ಚಿಕ್ಕ ಫ್ಲಾಶ್‌ಗೂ ಇದೇ ಮಾತು.

ಮೆತ್ತನೆಯ ಬೆಳಕು, ಗಡಸು ಬೆಳಕು ಅಂತಾರಲ್ಲ, ಏನದು?

ನೆರಳಿನ ಅಂಚು ನೋಡಿ. ಚಾಕುವಿನಲ್ಲಿ ಕತ್ತರಿಸಿದಂತೆ ಚೂಪಾಗಿದ್ದರೆ ಗಡಸು ಬೆಳಕು. ನಿಧಾನವಾಗಿ ಕರಗಿಹೋಗುತ್ತಿದ್ದರೆ ಮೆತ್ತನೆಯದು. ಇದನ್ನು ತೀರ್ಮಾನಿಸುವುದು ಬೆಳಕಿನ ಮೂಲದ ಗಾತ್ರ, ಅದೂ ವಸ್ತು ಇರುವ ಜಾಗದಿಂದ ನೋಡಿದಾಗ ಎಷ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಸೂರ್ಯನ ಅಡ್ಡಳತೆ ಸುಮಾರು 13.9 ಲಕ್ಷ ಕಿಲೋಮೀಟರ್. ಆದರೂ ಅಷ್ಟು ದೂರದಲ್ಲಿರುವುದರಿಂದ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಜಾಗವನ್ನು ಮಾತ್ರ ತುಂಬುತ್ತದೆ, ಹಾಗಾಗಿ ಬಿಸಿಲಿನ ನೆರಳು ಚೂಪು. ಮೋಡ ಕವಿದರೆ ಇಡೀ ಆಕಾಶವೇ ಬೆಳಕಿನ ಮೂಲವಾಗುತ್ತದೆ, ನೆರಳು ಮೆತ್ತಗಾಗುತ್ತದೆ.

ಇದು ಒಂದು ಸಲ ಮನಸ್ಸಿಗೆ ಹೊಕ್ಕರೆ ಸುಮಾರು ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಸಿಗುತ್ತದೆ. ಡಿಫ್ಯೂಸರ್, ಅಂದರೆ ದೀಪದ ಮುಂದೆ ಹಿಡಿದು ಬೆಳಕು ಹರಡಿಸುವ ಪರದೆ, ಬೆಳಕನ್ನು ಮೆತ್ತಗೆ ಮಾಡುವುದು ಅದು ದೊಡ್ಡದಾಗಿರುವುದರಿಂದ. ಫ್ಲಾಶ್ ಮುಂದೆ ಹಾಕುವ ಬೆಂಕಿಪೊಟ್ಟಣದಷ್ಟು ಚಿಕ್ಕ ಪ್ಲಾಸ್ಟಿಕ್ ಮುಚ್ಚಳ ಬೆಳಕಿನ ಮೂಲವನ್ನು ದೊಡ್ಡದು ಮಾಡುವುದಿಲ್ಲ. ಕೋಣೆಯಲ್ಲಿ ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತದೆ ಅಷ್ಟೇ, ಹತ್ತಿರದಲ್ಲಿ ಬಿಳಿ ಗೋಡೆ ಇಲ್ಲದಿದ್ದರೆ ಹೆಚ್ಚು ಲಾಭ ಇಲ್ಲ. ಹಾಗೇ, ಒಂದೇ ಸಾಫ್ಟ್‌ಬಾಕ್ಸನ್ನು (ಮುಂದೆ ಬಿಳಿ ಬಟ್ಟೆ ಇರುವ ದೀಪದ ಪೆಟ್ಟಿಗೆ) ಹತ್ತಿರ ತಂದಷ್ಟೂ ಮೆತ್ತಗಾಗುತ್ತದೆ, ದೂರ ತಳ್ಳಿದಷ್ಟೂ ಗಡಸಾಗುತ್ತದೆ. ದೂರ ಇಟ್ಟರೆ ಬೆಳಕು ಮೆತ್ತಗಾಗುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಆಗುವುದು ಅದರ ಉಲ್ಟಾ.

ಹಾಗಾದರೆ ಯಾವಾಗಲೂ ಮೆತ್ತನೆಯ ಬೆಳಕೇ ಒಳ್ಳೆಯದಾ?

ಇಲ್ಲ. ಚಮಕಿ, ಕತ್ತರಿಸಿದ ಗಾಜಿನ ಮಣಿ, ಹರಳು ಇವು ಮಿನುಗಬೇಕಾದರೆ ಚಿಕ್ಕ, ಗಡಸು ಬೆಳಕೇ ಬೇಕು. ಪೂರ್ತಿ ಮೆತ್ತನೆಯ ಬೆಳಕಿನಲ್ಲಿ ಹರಳುಗಳು ಸತ್ತಂತೆ ಕಾಣುತ್ತವೆ. ನಾನು ಇಷ್ಟಪಡುವ ದಾರಿ ಇದು: ಒಟ್ಟಾರೆ ಬೆಳಕು ಕಿಟಕಿಯದ್ದೋ ಸಾಫ್ಟ್‌ಬಾಕ್ಸಿನದ್ದೋ ಇರಲಿ, ಅದರ ಜೊತೆ ಹಿಂದಿನಿಂದ ಒಂದು ಚಿಕ್ಕ ಬರಿಯ ಎಲ್‌ಇಡಿ ಅಥವಾ ಟಾರ್ಚ್ ಹಿಡಿದು, ಮಿಂಚು ಕಾಣುವ ತನಕ ಕೋನ ಬದಲಿಸುತ್ತಾ ಹೋಗುವುದು.

ಕಿಟಕಿ ಬೆಳಕೊಂದೇ ಸಾಕಾ?

ಧಾರಾಳ ಸಾಕು. ನೇರ ಬಿಸಿಲು ಒಳಗೆ ಬೀಳದ ಕಿಟಕಿ ಆರಿಸಿ. ಬಿಸಿಲು ಬೀಳುತ್ತಿದ್ದರೆ ತೆಳ್ಳನೆಯ ಬಿಳಿ ಪರದೆ ಎಳೆಯಿರಿ ಅಥವಾ ಟ್ರೇಸಿಂಗ್ ಪೇಪರ್ ಅಂಟಿಸಿ. ಪರದೆ ಅಪ್ಪಟ ಬಿಳಿ ಇರಲಿ, ಕೆನೆ ಬಣ್ಣದ ಪರದೆ ಇಡೀ ಫೋಟೋವನ್ನು ಹಳದಿ ಮಾಡುತ್ತದೆ. ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿ, ಬೆಳಕು ಎಡದಿಂದಲೋ ಬಲದಿಂದಲೋ ಬರಲಿ. ಕೋಣೆಯ ದೀಪಗಳನ್ನೆಲ್ಲ ಆರಿಸಿ, ಇದನ್ನು ಮರೆಯಬೇಡಿ, ಯಾಕೆ ಅಂತ ಬಣ್ಣದ ಪ್ರಶ್ನೆಯಲ್ಲಿ ಹೇಳಿದ್ದೇನೆ.

ಈಗ ಕಿಟಕಿಯ ಎದುರು ಬದಿ ಕತ್ತಲಾಗಿರುತ್ತದೆ ಅಲ್ವಾ? ಅಲ್ಲಿ ಒಂದು ಬಿಳಿ ಥರ್ಮಾಕೋಲ್ ಹಲಗೆ ಅಥವಾ ಬಿಳಿ ರಟ್ಟು ನಿಲ್ಲಿಸಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ನೆರಳನ್ನು ಎತ್ತುತ್ತದೆ. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಸರಿಸಿದರೆ ಗಾಢವಾಗುತ್ತದೆ. ಇನ್ನೂ ಜೋರು ಬೇಕಾದರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ ಬಿಡಿಸಿ ರಟ್ಟಿಗೆ ಅಂಟಿಸಿ. ಒಡವೆಯಂಥ ಪುಟ್ಟ ವಸ್ತುವಿಗೆ ಕೈಗನ್ನಡಿಯೇ ಸಾಕಾಗುತ್ತದೆ. ನೆರಳನ್ನು ಪೂರ್ತಿ ಅಳಿಸಲು ಹೋಗಬೇಡಿ. ಅಷ್ಟು ಕಷ್ಟಪಟ್ಟು ಪಕ್ಕದಿಂದ ಬೆಳಕು ತಂದದ್ದು ಅದಕ್ಕೇ.

ಕಿಟಕಿಯಿಂದ ದೂರ ಹೋದ ಹಾಗೆ ಬೆಳಕು ಬೇಗ ಕುಸಿಯುತ್ತದೆ. ಚಿಕ್ಕ ಬೆಳಕಿನ ಮೂಲಕ್ಕಾದರೆ ಲೆಕ್ಕ ನೇರ: ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ಕಿಟಕಿ ದೊಡ್ಡದಾದ್ದರಿಂದ ಹತ್ತಿರದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ, ಆದರೆ ಉದ್ದನೆಯ ಶಾಲು ಅಥವಾ ಹೊದಿಕೆ ತೆಗೆಯುವಾಗ ಒಂದು ತುದಿ ಬೆಳ್ಳಗೆ, ಇನ್ನೊಂದು ತುದಿ ಮಂಕಾಗುವುದು ಇದೇ ಕಾರಣಕ್ಕೆ. ಅಂಥ ದೊಡ್ಡ ವಸ್ತುವನ್ನು ಕಿಟಕಿಯಿಂದ ಸ್ವಲ್ಪ ಹಿಂದಕ್ಕೆ ಇಟ್ಟರೆ ಎರಡೂ ತುದಿಗಳ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ.

ಲೈಟ್ ಬಾಕ್ಸ್ (ವಸ್ತುವನ್ನು ಒಳಗಿಟ್ಟು ಫೋಟೋ ತೆಗೆಯುವ ಬೆಳಕಿನ ಪೆಟ್ಟಿಗೆ) ಕೊಳ್ಳಲಾ?

ಒಂದೇ ರೀತಿಯ ಚಿಕ್ಕ ವಸ್ತುಗಳನ್ನು ರಾಶಿಗಟ್ಟಲೆ ತೆಗೆಯಬೇಕಾದರೆ ಉಪಯೋಗ ಆಗುತ್ತದೆ. ಆದರೆ ಒಳಗೆ ಎಲ್ಲ ಕಡೆಯಿಂದಲೂ ಬೆಳಕು ಬರುವುದರಿಂದ ನೆರಳು ಇಲ್ಲವಾಗಿ, ಹೆಣಿಗೆ, ಕೆತ್ತನೆ ಎಲ್ಲ ಚಪ್ಪಟೆಯಾಗುತ್ತವೆ. ಈಗಾಗಲೇ ಇದ್ದರೆ ಒಂದು ಬದಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿ ನೋಡಿ, ತಕ್ಷಣ ಜೀವ ಬರುತ್ತದೆ. ನೀವೇ ಮಾಡಿಕೊಳ್ಳುವುದೂ ಸುಲಭ: ರಟ್ಟಿನ ಪೆಟ್ಟಿಗೆಯ ಎರಡು ಪಕ್ಕ ಮತ್ತು ಮೇಲ್ಭಾಗ ಕತ್ತರಿಸಿ, ಅಲ್ಲಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಹೊರಗಿನಿಂದ ಒಂದೇ ಪಕ್ಕಕ್ಕೆ ದೀಪ ಹಿಡಿಯಿರಿ. ದೀಪ ಎಲ್‌ಇಡಿಯೇ ಆಗಿರಲಿ. ಹ್ಯಾಲೊಜೆನ್ ಅಥವಾ ಹಳೆಯ ತಂತಿ ಬಲ್ಬ್ ವಿಪರೀತ ಬಿಸಿಯಾಗುತ್ತದೆ, ಕಾಗದ ಬಟ್ಟೆಗಳ ಹತ್ತಿರ ಇಟ್ಟರೆ ಬೆಂಕಿ ಹತ್ತಬಹುದು.

ಬಣ್ಣ ಸರಿಯಾಗಿ ಬರುತ್ತಿಲ್ಲ. ಏನು ಮಾಡಲಿ?

ಇದು ಎಲ್ಲಕ್ಕಿಂತ ದೊಡ್ಡ ತಲೆನೋವು, ಸ್ವಲ್ಪ ವಿವರವಾಗಿ ನೋಡೋಣ.

ಮೊದಲ ಕಾರಣ, ಎರಡು ಬಣ್ಣದ ಬೆಳಕು ಒಟ್ಟಿಗೆ ಬೀಳುವುದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಮನೆಯ ಹಳದಿ ಬಲ್ಬ್ ಸುಮಾರು 2700 ಕೆಲ್ವಿನ್, ಫ್ಲಾಶ್ ಮತ್ತು ಮಧ್ಯಾಹ್ನದ ಬೆಳಕು ಸುಮಾರು 5500, ನೆರಳಿನ ಜಾಗದ ಬೆಳಕು 7000ಕ್ಕಿಂತ ಮೇಲೆ. ಸಂಖ್ಯೆ ಜಾಸ್ತಿಯಾದಷ್ಟೂ ಬೆಳಕು ನೀಲಿಯ ಕಡೆ ವಾಲುತ್ತದೆ. ಕಿಟಕಿಯ ಬೆಳಕಿಗೆ ಹಳದಿ ಬಲ್ಬ್ ಬೆರೆತರೆ ವಸ್ತುವಿನ ಒಂದು ಮಗ್ಗುಲು ನೀಲಿ, ಇನ್ನೊಂದು ಮಗ್ಗುಲು ಕಿತ್ತಳೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗೇ ತೋರಿಸುವ ಹೊಂದಾಣಿಕೆ) ಎರಡರಲ್ಲಿ ಒಂದನ್ನು ಮಾತ್ರ ಸರಿ ಮಾಡಬಲ್ಲದು. ಆದ್ದರಿಂದ ಒಂದೇ ಬಗೆಯ ಬೆಳಕು ಇಟ್ಟುಕೊಂಡು ಉಳಿದದ್ದನ್ನು ಆರಿಸಿ. ನೀವು ಹಾಕಿಕೊಂಡ ಗಾಢ ಬಣ್ಣದ ಅಂಗಿ, ಪಕ್ಕದ ಹಸಿರು ಗೋಡೆ ಇವೂ ಬೆಳಕಿಗೆ ತಮ್ಮ ಬಣ್ಣ ಬೆರೆಸುತ್ತವೆ.

ಎರಡನೆಯದು ದೀಪದ ಗುಣಮಟ್ಟ. ಅಗ್ಗದ ಎಲ್‌ಇಡಿಗಳ ಬೆಳಕು ನೋಡಲು ಬೆಳ್ಳಗಿದ್ದರೂ ಅದರಲ್ಲಿ ಗಾಢ ಕೆಂಪಿನ ಪಾಲು ಕಡಿಮೆ. ಕೆಂಪು ದಾರ, ಮರದ ಬಣ್ಣ, ಚರ್ಮದ ಬಣ್ಣ ಮಂಕಾಗುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿದರೂ ಇಲ್ಲದ ಬಣ್ಣ ವಾಪಸ್ ಬರುವುದಿಲ್ಲ. ಬಲ್ಬಿನ ಪೊಟ್ಟಣದ ಮೇಲೆ ಸಿಆರ್‌ಐ ಅಂತ ಒಂದು ಸಂಖ್ಯೆ ಇರುತ್ತದೆ, ಆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ, ಗರಿಷ್ಠ 100. ಈ ಕೆಲಸಕ್ಕೆ 95 ಅಥವಾ ಅದಕ್ಕಿಂತ ಮೇಲಿನದ್ದು ಹುಡುಕಿ. ಅದು ಹಾಕಿಯೇ ಇಲ್ಲದಿದ್ದರೆ ಆ ಬಲ್ಬ್ ಬಿಟ್ಟುಬಿಡಿ.

ಮೂರನೆಯದು ವಸ್ತುವಿನದ್ದೇ ಸ್ವಭಾವ. ಕೆಲವು ಬಿಳಿ ಬಟ್ಟೆ, ಬಿಳಿ ದಾರಗಳಲ್ಲಿ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸಿರುತ್ತಾರೆ, ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ನುಂಗಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಫ್ಲಾಶಿನಲ್ಲೂ ಹಗಲು ಬೆಳಕಿನಲ್ಲೂ ಅತಿನೇರಳೆ ಇರುವುದರಿಂದ ಅಂಥ ಬಟ್ಟೆ ನೀಲಿಯಾಗಿ ಕಾಣಬಹುದು. ಇನ್ನು ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ದಾರಗಳು ಇನ್ನೊಂದು ಬೆಳಕಿನಲ್ಲಿ ಬೇರೆ ಬೇರೆಯಾಗಿ ಕಾಣುವುದೂ ಉಂಟು. ಹೊಲಿಯುವವರಿಗೆ ಇದು ಹೊಸದೇನಲ್ಲ.

ಮಾಡಬೇಕಾದದ್ದು: ಮೊದಲ ಫೋಟೋದಲ್ಲಿ ವಸ್ತುವಿನ ಪಕ್ಕ ಒಂದು ಬೂದು ಕಾರ್ಡ್ ಇಟ್ಟು ತೆಗೆಯಿರಿ, ಆಮೇಲೆ ಎಡಿಟ್ ಮಾಡುವಾಗ ಆ ಕಾರ್ಡಿನ ಮೇಲೆ ವೈಟ್ ಬ್ಯಾಲೆನ್ಸ್ ಗುರುತು ಒತ್ತಿ, ಅದನ್ನೇ ಉಳಿದ ಫೋಟೋಗಳಿಗೂ ಹಾಕಿ. ಕ್ಯಾಮೆರಾದಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯುವ ಸೌಲಭ್ಯ ಇದ್ದರೆ ಬಳಸಿ. ಆಟೋ ವೈಟ್ ಬ್ಯಾಲೆನ್ಸ್ ಬೇಡವೇ ಬೇಡ. ಕೆಂಪು ಗೊಂಬೆ ಇಟ್ಟರೆ ಒಂದು ಥರ, ನೀಲಿ ಗೊಂಬೆ ಇಟ್ಟರೆ ಇನ್ನೊಂದು ಥರ ಮಾಡಿಬಿಡುತ್ತದೆ.

ಎಲ್‌ಇಡಿ ಕೆಳಗೆ ತೆಗೆದರೆ ಫೋಟೋದಲ್ಲಿ ಅಡ್ಡಪಟ್ಟಿ ಬರುತ್ತಿವೆ.

ದೀಪ ಮಿಡಿಯುತ್ತಿದೆ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸಾಧಾರಣ ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ. 60 ಹರ್ಟ್ಜ್ ಇರುವ ಕಡೆ 1/60 ಅಥವಾ 1/120ಕ್ಕೆ ಹತ್ತಿರ. ಬೆಳಕಿನ ಪ್ರಮಾಣ ಕಡಿಮೆ ಮಾಡುವ ಡಿಮ್ಮರ್ ಇರುವ ದೀಪಗಳು ಇನ್ನೂ ವೇಗವಾಗಿ ಮಿಡಿಯುವುದುಂಟು, ಅಂಥವನ್ನು ಪೂರ್ತಿ ಹೆಚ್ಚಿಸಿ ನೋಡಿ.

ಕಿಟಕಿ, ಎಲ್‌ಇಡಿ ಇರುವಾಗ ಬೇರೆಯಾಗಿ ಕೊಳ್ಳುವ ಫ್ಲಾಶ್ ಯಾಕೆ ಬೇಕು?

ಬೇಕೇ ಬೇಕು ಅಂತೇನಿಲ್ಲ. ಆದರೆ ರಾತ್ರಿ ಹೊತ್ತಲ್ಲೇ ಬಿಡುವು ಸಿಗುವವರಿಗೆ, ಮೋಡ ಬಂದು ಹೋಗುವ ದಿನಗಳಲ್ಲಿ ಎಲ್ಲ ಫೋಟೋ ಒಂದೇ ಥರ ಬರಬೇಕು ಅನ್ನುವವರಿಗೆ ಫ್ಲಾಶ್ ದೊಡ್ಡ ವರ. ಪ್ರತಿ ಸಲವೂ ಅದೇ ಬಣ್ಣ, ಅದೇ ಪ್ರಮಾಣ. ಅದರ ಮಿಂಚು ಎಷ್ಟು ಚಿಕ್ಕದು ಅಂದರೆ, ಕಡಿಮೆ ಪವರ್‌ನಲ್ಲಿ ಸೆಕೆಂಡಿನ 1/10000 ಭಾಗಕ್ಕಿಂತಲೂ ಕಡಿಮೆ ಹೊತ್ತು ಉರಿಯುತ್ತದೆ. ಗಾಳಿಗೆ ಅಲ್ಲಾಡುವ ಕಿವಿಯೋಲೆ, ತೂಗುವ ಅಲಂಕಾರ ಎಲ್ಲ ಕಲ್ಲಿನಂತೆ ನಿಂತುಬಿಡುತ್ತವೆ. ಈ ಗುಣವನ್ನೇ ಹಿಡಿದು ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಿಂದ ಹಾಲಿನ ಹನಿ ಸಿಡಿಯುವುದನ್ನೆಲ್ಲ ಫೋಟೋದಲ್ಲಿ ಹಿಡಿದರು.

ಕೊಳ್ಳುವಾಗ ನೋಡಬೇಕಾದ್ದು ಎರಡು: ಫ್ಲಾಶಿನ ತಲೆ ತಿರುಗಿಸಲು ಬರಬೇಕು, ಪವರ್ ಕೈಯಿಂದ ಬದಲಿಸಲು ಬರಬೇಕು. ಇವೆರಡು ಇದ್ದರೆ ಸಾಕು, ಉಳಿದದ್ದೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಬೌನ್ಸ್ ಮಾಡುವುದು ಹೇಗೆ?

ಫ್ಲಾಶಿನ ತಲೆಯನ್ನು ವಸ್ತುವಿನ ಕಡೆ ಬಿಡದೆ ಬಿಳಿ ಗೋಡೆಗೋ ಸೂರಿಗೋ ತಿರುಗಿಸಿ. ಬೆಳಕು ಅಲ್ಲಿ ಬಡಿದು ಹರಡಿ ಬರುತ್ತದೆ, ಗೋಡೆಯೇ ದೊಡ್ಡ ದೀಪವಾಗುತ್ತದೆ. ಎಲ್ಲರೂ ಸೂರನ್ನೇ ಹೇಳುತ್ತಾರೆ, ನನಗಂತೂ ಪಕ್ಕದ ಗೋಡೆಯೇ ಇಷ್ಟ, ಯಾಕಂದರೆ ಸೂರಿನಿಂದ ಬಂದ ಬೆಳಕು ಚಪ್ಪಟೆ ಮಲಗಿಸಿದ ಬಟ್ಟೆಯ ಮೇಲೆ ನೇರ ಬಿದ್ದು ಹೊಲಿಗೆಯನ್ನು ಮರೆಸುತ್ತದೆ. ಗೋಡೆಗೆ ಬಣ್ಣ ಇದ್ದರೆ ಅದೇ ಬಣ್ಣ ಫೋಟೋಗೂ ಬರುತ್ತದೆ. ಆಗ ಗೋಡೆಗೆ ಬಿಳಿ ಬೆಡ್‌ಶೀಟ್ ತೂಗುಹಾಕಿ, ಅಥವಾ ದೊಡ್ಡ ಥರ್ಮಾಕೋಲ್ ಒರಗಿಸಿ. ಫ್ಲಾಶಿನ ಬೆಳಕು ನೇರ ವಸ್ತುವಿಗೆ ಸೋರದಂತೆ ಒಂದು ಬದಿಗೆ ಕಪ್ಪು ರಟ್ಟು ಸಿಕ್ಕಿಸುವುದು ಒಳ್ಳೆಯದು.

ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ ಇಟ್ಟರೆ?

ಇನ್ನೂ ಒಳ್ಳೆಯದು. ರೇಡಿಯೋ ಟ್ರಿಗರ್ (ತಂತಿಯಿಲ್ಲದೆ ಫ್ಲಾಶ್ ಹೊತ್ತಿಸುವ ಸಾಧನ) ಅಥವಾ ಉದ್ದನೆಯ ತಂತಿ ಬೇಕಾಗುತ್ತದೆ. ಫ್ಲಾಶನ್ನು ಒಂದು ಪಕ್ಕದಲ್ಲಿ, ವಸ್ತುವಿಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ನಡುವೆ ಟ್ರೇಸಿಂಗ್ ಪೇಪರ್ ಅಥವಾ ತೆಳು ಬಿಳಿ ಬಟ್ಟೆಯ ಚೌಕಟ್ಟು ನಿಲ್ಲಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ: ಫ್ಲಾಶ್ ಪರದೆಗೆ ತೀರಾ ಹತ್ತಿರ ಇದ್ದರೆ ನಡುವಿನ ಒಂದು ಚುಕ್ಕೆ ಮಾತ್ರ ಬೆಳಗುತ್ತದೆ, ಬೆಳಕು ಗಡಸಾಗೇ ಉಳಿಯುತ್ತದೆ. ಪರದೆ ಪೂರ್ತಿ ಬೆಳಗುವಷ್ಟು ಹಿಂದಕ್ಕೆ ಸರಿಸಿ, ಪರದೆಯನ್ನು ಮಾತ್ರ ವಸ್ತುವಿಗೆ ಆದಷ್ಟು ಹತ್ತಿರ ಇಡಿ, ಫ್ರೇಮಿನಿಂದ ಆಚೆ ಇದ್ದರೆ ಸಾಕು. ಎದುರು ಬದಿಗೆ ಅದೇ ಥರ್ಮಾಕೋಲ್. ಒಂದು ಫ್ಲಾಶ್, ಒಂದು ಪರದೆ, ಒಂದು ಬಿಳಿ ಹಲಗೆ ಇಷ್ಟರಲ್ಲೇ ಬಹುತೇಕ ಕೆಲಸ ಮುಗಿಯುತ್ತದೆ. ಎರಡನೇ ಫ್ಲಾಶ್ ಕೊಳ್ಳುವ ಮೊದಲು ಒಂದನ್ನು ಎಲ್ಲೆಲ್ಲಿ ಇಡಬಹುದು ಅಂತ ಪೂರ್ತಿ ನೋಡಿ ಮುಗಿಸಿ.

ಸೆಟ್ಟಿಂಗ್ ಎಷ್ಟೆಷ್ಟು ಇಡಲಿ?

ಫ್ಲಾಶಿಗೆ ಶುರು ಮಾಡಲು ಇದು ಸಾಕು: ಮ್ಯಾನುಯಲ್ ಮೋಡ್, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು) 100, ಅಪರ್ಚರ್ (ಲೆನ್ಸಿನ ರಂಧ್ರದ ಗಾತ್ರ) ಎಫ್ 8, ಶಟರ್ 1/160, ಫ್ಲಾಶ್ ಪವರ್ ಪೂರ್ತಿಯ 1/8. ಮೊದಲು ಫ್ಲಾಶ್ ಆರಿಸಿ ಒಂದು ಫೋಟೋ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬಂದರೆ ಕೋಣೆಯ ದೀಪ ಫೋಟೋದಲ್ಲಿ ಸೇರುತ್ತಿಲ್ಲ ಅಂತ ಅರ್ಥ, ಅದೇ ನಮಗೆ ಬೇಕು. ಆಮೇಲೆ ಫ್ಲಾಶ್ ಹಾಕಿ, ಕತ್ತಲಾದರೆ ಪವರ್ 1/4ಕ್ಕೆ ಏರಿಸಿ, ಬೆಳಕು ಜಾಸ್ತಿಯಾದರೆ 1/16ಕ್ಕೆ ಇಳಿಸಿ.

ಶಟರ್ ವೇಗ ಕೋಣೆಯ ಬೆಳಕನ್ನು ಮಾತ್ರ ಬದಲಿಸುತ್ತದೆ, ಫ್ಲಾಶಿನ ಬೆಳಕನ್ನು ಬದಲಿಸುವುದಿಲ್ಲ. ಮಿಂಚು ಶಟರ್ ತೆರೆದಿರುವ ಹೊತ್ತಿಗಿಂತ ತುಂಬಾ ಬೇಗ ಮುಗಿದುಹೋಗಿರುತ್ತದೆ ಅಲ್ವಾ, ಅದಕ್ಕೆ. ಅಪರ್ಚರ್ ಮತ್ತು ಐಎಸ್‌ಒ ಕೋಣೆಯ ಬೆಳಕು, ಫ್ಲಾಶಿನ ಬೆಳಕು ಎರಡನ್ನೂ ಬದಲಿಸುತ್ತವೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲಾಶ್ ಜೊತೆ 1/200 ಅಥವಾ 1/250ಕ್ಕಿಂತ ವೇಗದ ಶಟರ್ ಇಟ್ಟರೆ ಫೋಟೋದ ಒಂದು ಭಾಗಕ್ಕೆ ಕಪ್ಪು ಪಟ್ಟಿ ಬೀಳುತ್ತದೆ.

ಫ್ಲಾಶಿನ ಶಕ್ತಿಯನ್ನು ಗೈಡ್ ನಂಬರಿನಲ್ಲಿ ಹೇಳುತ್ತಾರೆ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಮೀಟರ್ ಇದ್ದರೆ, ಪೂರ್ತಿ ಪವರ್‌ನಲ್ಲಿ 5 ಮೀಟರ್ ದೂರದ ವಸ್ತುವಿಗೆ ಎಫ್ 8. ಪರದೆ ಹಾಕಿದರೆ, ಬೌನ್ಸ್ ಮಾಡಿದರೆ ಈ ಲೆಕ್ಕ ಹಿಡಿಯುವುದಿಲ್ಲ, ಆಗ ಪರೀಕ್ಷಾ ಫೋಟೋ ತೆಗೆದು ನೋಡುವುದೇ ಸರಳ.

ಟಿಟಿಎಲ್ (ಫ್ಲಾಶ್ ಪವರನ್ನು ಕ್ಯಾಮೆರಾವೇ ತೀರ್ಮಾನಿಸುವ ಮೋಡ್) ಇಟ್ಟರೆ ಆಗುವುದಿಲ್ಲವಾ?

ಆಗುತ್ತದೆ, ಆದರೆ ಅದು ಪ್ರತಿ ಫೋಟೋಗೂ ಹೊಸದಾಗಿ ಲೆಕ್ಕ ಹಾಕುತ್ತದೆ. ಬಿಳಿ ಟೋಪಿಗೆ ಒಂದು ಪ್ರಮಾಣ, ಕಪ್ಪು ಟೋಪಿಗೆ ಇನ್ನೊಂದು. ಅಲ್ಲಾಡದ ವಸ್ತುವಿಗೆ ಮ್ಯಾನುಯಲ್ಲೇ ಸರಿ.

ಬಿಳಿ ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗುತ್ತದೆ, ಕಪ್ಪು ಬಟ್ಟೆಯೂ ಬೂದು. ಯಾಕೆ?

ಎರಡಕ್ಕೂ ಕಾರಣ ಒಂದೇ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದೆಲ್ಲ ಸರಾಸರಿ ಮಧ್ಯಮ ಬೂದು ಅಂತ ಅಂದುಕೊಂಡು ಬೆಳಕನ್ನು ಹೊಂದಿಸುತ್ತದೆ. ಫ್ರೇಮ್ ತುಂಬಾ ಬಿಳಿ ಇದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) +1 ಅಥವಾ +1.3 ಕೊಡಿ, ಕಪ್ಪು ತುಂಬಿದ್ದರೆ −1. ಫೋನಿನಲ್ಲಿ ಪರದೆಯ ಮೇಲೆ ಬೆರಳಿಟ್ಟು, ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆದರೆ ಅದೇ ಕೆಲಸ ಆಗುತ್ತದೆ. ಅಪ್ಪಟ ಬಿಳಿ ಹಿನ್ನೆಲೆಯೇ ಬೇಕಾದರೆ ವಸ್ತುವನ್ನು ಹಿನ್ನೆಲೆಯಿಂದ ಮುಂದಕ್ಕೆ ತಂದು, ಹಿನ್ನೆಲೆಗೆ ಬೇರೆ ಬೆಳಕು ಕೊಡಬೇಕು. ಅದೂ ಮಿತಿಯಲ್ಲಿ, ಇಲ್ಲದಿದ್ದರೆ ಬಿಳಿ ಬೆಳಕು ಸೋರಿ ವಸ್ತುವಿನ ಅಂಚನ್ನು ತಿಂದುಹಾಕುತ್ತದೆ.

ಕಪ್ಪು ಉಣ್ಣೆ, ವೆಲ್ವೆಟ್ ಬೆಳಕನ್ನು ನುಂಗುತ್ತವೆ. ಅವುಗಳಿಗೆ ಹಿಂದಿನ ಪಕ್ಕದಿಂದ ಬೆಳಕು ಕೊಡಿ, ನೂಲಿನ ಮೇಲೆ ತೆಳು ಹೊಳಪು ಮೂಡಿ ಮಡಿಕೆಗಳು ಕಾಣುತ್ತವೆ.

ಬೆಳ್ಳಿ, ಹಿತ್ತಾಳೆ, ತಾಮ್ರದ ಒಡವೆಯಲ್ಲಿ ನನ್ನ ಮುಖ, ಕೋಣೆ ಎಲ್ಲ ಕಾಣುತ್ತದೆ!

ಹೊಳೆಯುವ ಲೋಹದ ಫೋಟೋ ಅಂದರೆ ಅದರಲ್ಲಿ ಪ್ರತಿಫಲಿಸುವುದರ ಫೋಟೋ. ಹಾಗೆ ಯೋಚಿಸಲು ಶುರು ಮಾಡಿದರೆ ದಾರಿ ಸಿಗುತ್ತದೆ. ಬೆಳಕು ಬಿದ್ದ ಕೋನದಲ್ಲೇ ಆಚೆ ಪುಟಿಯುತ್ತದೆ. ಲೆನ್ಸ್ ಇರುವ ಜಾಗದಿಂದ ಹೊರಟು ಲೋಹಕ್ಕೆ ತಗುಲಿ ಪುಟಿದರೆ ಯಾವ ಕಡೆಗೆ ಹೋಗುತ್ತದೋ, ಅಲ್ಲಿ ಏನಿದೆಯೋ ಅದೇ ಫೋಟೋದಲ್ಲಿ ಕಾಣುವುದು. ಆ ಜಾಗಕ್ಕೆ ದೊಡ್ಡ ಬಿಳಿ ಕಾಗದ ತಂದರೆ ಲೋಹ ಬೆಳ್ಳಗೆ ಹೊಳೆಯುತ್ತದೆ. ಏನೂ ಇಡದಿದ್ದರೆ ಕತ್ತಲ ಕೋಣೆ ಪ್ರತಿಫಲಿಸಿ ಬೆಳ್ಳಿ ಕಪ್ಪಾಗುತ್ತದೆ. ಎಷ್ಟು ಜೋರಾಗಿ ಫ್ಲಾಶ್ ಹೊಡೆದರೂ ಬೆಳ್ಳಿ ಕಪ್ಪಗೇ ಬರುತ್ತದೆ ಅನ್ನುವವರ ಸಮಸ್ಯೆ ಇದೇ.

ದುಂಡಗಿನ ಉಂಗುರ, ಬಳೆ ಸುತ್ತಲೂ ಎಲ್ಲವನ್ನೂ ಪ್ರತಿಫಲಿಸುವುದರಿಂದ ಟ್ರೇಸಿಂಗ್ ಪೇಪರನ್ನು ಕೊಳವೆಯಂತೆ ಸುತ್ತಿ ಒಡವೆಯ ಸುತ್ತ ನಿಲ್ಲಿಸಿ, ಹೊರಗಿನಿಂದ ಒಂದು ಪಕ್ಕಕ್ಕೆ ಫ್ಲಾಶ್ ಕೊಟ್ಟು, ಮೇಲಿನಿಂದಲೋ ಒಂದು ಸೀಳಿನಿಂದಲೋ ತೆಗೆಯಿರಿ. ಎಲ್ಲ ಬಿಳಿಯಾಗಿ ಆಕಾರವೇ ಕಳೆದುಹೋಯಿತಾ? ಒಳಗೆ ತೆಳು ಕಪ್ಪು ಕಾಗದದ ಪಟ್ಟಿ ಇಡಿ. ಲೋಹದ ಮೇಲೆ ಒಂದು ಕಪ್ಪು ಗೆರೆ ಹರಿದು ಅಂಚು ಎದ್ದು ಕಾಣುತ್ತದೆ. ಆ ಗೆರೆ ಸರಿಯಾದ ಜಾಗಕ್ಕೆ ಬರುವ ತನಕ ಸಣ್ಣ ಸಣ್ಣದಾಗಿ ಸರಿಸಬೇಕು, ತಾಳ್ಮೆ ಬೇಡುವ ಕೆಲಸ, ಆದರೆ ಒಡವೆ ಫೋಟೋದಲ್ಲಿ ಇಷ್ಟು ಫಲ ಕೊಡುವುದು ಬೇರೊಂದಿಲ್ಲ.

ವಾರ್ನಿಷ್ ಹಚ್ಚಿದ ಮರ, ಮೆರುಗಿನ ಚಿತ್ರ, ಫ್ರೇಮ್ ಗಾಜು?

ಚಪ್ಪಟೆ ಚಿತ್ರಕ್ಕೆ ಎರಡು ಪಕ್ಕದಿಂದ 45 ಡಿಗ್ರಿಯಲ್ಲಿ, ಒಂದೇ ದೂರದಲ್ಲಿ, ಒಂದೇ ಪ್ರಮಾಣದ ಎರಡು ದೀಪ. ಇನ್ನೂ ಹೊಳಪು ಕಂಡರೆ ದೀಪಗಳನ್ನು ಮತ್ತಷ್ಟು ಪಕ್ಕಕ್ಕೆ ಸರಿಸಿ. ಗಾಜು, ವಾರ್ನಿಷ್, ಪಿಂಗಾಣಿಯ ಮೆರುಗಿಗೆ ಪೋಲರೈಸರ್ ಫಿಲ್ಟರ್ ಕೆಲಸ ಮಾಡುತ್ತದೆ, ಗಾಜಿಗಾದರೆ ಅದರ ಮೇಲ್ಮೈಯಿಂದ ಸುಮಾರು 34 ಡಿಗ್ರಿ ಕೋನದಲ್ಲಿ ನೋಡಿದಾಗ ಅತಿ ಹೆಚ್ಚು. ಬರಿಯ ಲೋಹದ ಹೊಳಪಿಗೆ ಅದು ನಾಟುವುದಿಲ್ಲ. ದೀಪದ ಮೇಲೂ ಪೋಲರೈಸಿಂಗ್ ಹಾಳೆ ಹಾಕಿ, ಲೆನ್ಸಿನ ಫಿಲ್ಟರನ್ನು ಅದಕ್ಕೆ ಅಡ್ಡವಾಗಿ ತಿರುಗಿಸಿದರೆ ಯಾವ ಕೋನದಲ್ಲೂ ಹೊಳಪು ಮಾಯ. ಆದರೆ ಪೂರ್ತಿ ತೆಗೆದುಹಾಕಿದರೆ ಮೆರುಗು ಹಚ್ಚಿದ್ದೇ ಗೊತ್ತಾಗುವುದಿಲ್ಲ. ಮೆರುಗು ನಿಮ್ಮ ಕೆಲಸದ ಭಾಗವಾಗಿದ್ದರೆ ಒಂದು ಮೆತ್ತನೆಯ ಹೊಳಪನ್ನು ಬೇಕೆಂದೇ ಉಳಿಸಿ.

ಗಾಜು, ಪಾರದರ್ಶಕ ರೆಸಿನ್ ತೆಗೆಯುವುದು ಹೇಗೆ?

ಮುಂದಿನಿಂದ ಬೆಳಕು ಕೊಡಬೇಡಿ. ಹಿಂದೆ ಬಿಳಿ ಕಾಗದ ನಿಲ್ಲಿಸಿ, ಆ ಕಾಗದಕ್ಕೆ ಮಾತ್ರ ಬೆಳಕು ಕೊಡಿ, ಗಾಜಿನ ಅಂಚು ಕಪ್ಪು ಗೆರೆಯಾಗಿ ಮೂಡುತ್ತದೆ. ಇದರ ವಿರುದ್ಧವೂ ಮಾಡಬಹುದು, ಹಿಂದೆ ಕಪ್ಪು ಬಟ್ಟೆ, ಎರಡು ಪಕ್ಕದಿಂದ ಬೆಳಕು, ಆಗ ಅಂಚು ಬಿಳಿ ಗೆರೆ. ಒಳಗೆ ಹೂವು, ಎಲೆ ಹಾಕಿದ ರೆಸಿನ್‌ಗೆ ಮೊದಲನೆಯದರ ಜೊತೆ ಪಕ್ಕದಿಂದ ಒಂದಿಷ್ಟು ಬೆಳಕು ಸೇರಿಸಿ. ತೆಗೆಯುವ ಮೊದಲು ಬೆರಳಚ್ಚು, ಧೂಳು ಒರೆಸಿ, ಹೀಗೆ ಬೆಳಕು ಕೊಟ್ಟರೆ ಒಂದೊಂದು ಕಣವೂ ಕಾಣುತ್ತದೆ.

ಉರಿಯುತ್ತಿರುವ ಮೇಣದಬತ್ತಿ?

ಫ್ಲಾಶ್ ಮಾತ್ರ ಹಾಕಿದರೆ ಜ್ವಾಲೆ ಮಂಕಾಗುತ್ತದೆ, ಜ್ವಾಲೆ ಮಾತ್ರ ಇದ್ದರೆ ಬತ್ತಿಯ ಮೈ ಕತ್ತಲು. ಟ್ರೈಪಾಡ್ ಮೇಲೆ ಶಟರ್ 1/15ರ ಆಸುಪಾಸು ಇಟ್ಟು, ಅತಿ ಕಡಿಮೆ ಪವರ್‌ನ ಫ್ಲಾಶನ್ನು ಪರದೆಯ ಹಿಂದಿನಿಂದ ಕೊಡಿ. ಜ್ವಾಲೆಯ ಪ್ರಮಾಣವನ್ನು ಶಟರಿನಿಂದ, ಮೇಣದ್ದನ್ನು ಫ್ಲಾಶಿನಿಂದ ಹೊಂದಿಸಿ. ಫ್ಲಾಶಿಗೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಹಾಕಿದರೆ ಎರಡೂ ಬೆಳಕು ಒಂದಕ್ಕೊಂದು ಹೊಂದುತ್ತವೆ. ಕಾಗದದ ಪರದೆಯನ್ನು ಜ್ವಾಲೆಯಿಂದ ದೂರ ಇಡಿ.

ಚಿಕ್ಕ ವಸ್ತುವಿನ ಮುಂದಿನ ಭಾಗ ಸ್ಪಷ್ಟ, ಹಿಂದಿನ ಭಾಗ ಮಸುಕು.

ಹತ್ತಿರದಿಂದ ತೆಗೆಯುವಾಗ ಫೋಕಸ್ ಆಳ ಮಿಲಿಮೀಟರುಗಳಿಗೆ ಇಳಿಯುತ್ತದೆ. ಎಫ್ 8 ಇಂದ ಎಫ್ 11ರ ಒಳಗೆ ಇರಿ, ಎಫ್ 16 ದಾಟಿದರೆ ಬೆಳಕು ಚಿಕ್ಕ ರಂಧ್ರದಲ್ಲಿ ಬಾಗಿ ಇಡೀ ಫೋಟೋ ಸ್ವಲ್ಪ ಮಸುಕಾಗುತ್ತದೆ. ಸ್ವಲ್ಪ ಹಿಂದೆ ಸರಿದು ತೆಗೆದು ಆಮೇಲೆ ಕತ್ತರಿಸುವುದು ಸುಲಭದ ದಾರಿ. ಇನ್ನೂ ಬೇಕಾದರೆ ಫೋಕಸ್ ಬದಲಿಸುತ್ತಾ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬಹುದು. ಅದಕ್ಕೆ ಫ್ಲಾಶ್ ಹೇಳಿ ಮಾಡಿಸಿದ್ದು, ಎಲ್ಲ ಫೋಟೋಗಳಲ್ಲೂ ಬೆಳಕು ಒಂದೇ ಇರುತ್ತದೆ.

ನನ್ನ ಹತ್ತಿರ ಫೋನ್ ಮಾತ್ರ ಇದೆ.

ಬೆಳಕಿನ ಮಾತೆಲ್ಲ ಫೋನಿಗೂ ಅನ್ವಯಿಸುತ್ತದೆ, ಫ್ಲಾಶ್ ಬದಲು ಕಿಟಕಿ ಅಥವಾ ಎಲ್‌ಇಡಿ ಇರಲಿ. ಲೆನ್ಸ್ ಒರೆಸಿ. ತೀರಾ ಹತ್ತಿರ ಹೋಗಬೇಡಿ, ಫೋನಿನ ಮುಖ್ಯ ಲೆನ್ಸ್ ಅಗಲ ಕೋನದ್ದಾದ್ದರಿಂದ ಗೊಂಬೆಯ ಮೂಗು ಉಬ್ಬಿ ಕಾಣುತ್ತದೆ. ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ. ವಸ್ತುವಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕಿನ ಪ್ರಮಾಣ ಎರಡೂ ಲಾಕ್ ಆಗುತ್ತವೆ. ಫೋನನ್ನು ಏನಕ್ಕಾದರೂ ಒರಗಿಸಿ, 3 ಸೆಕೆಂಡಿನ ಟೈಮರ್ ಹಾಕಿ.

ಮನೆಯಲ್ಲಿ ಹಳೆಯ ಫಿಲ್ಮ್ ಕಾಲದ ಫ್ಲಾಶ್ ಸಿಕ್ಕಿದೆ, ಬಳಸಬಹುದಾ?

ನೇರ ಕ್ಯಾಮೆರಾ ಮೇಲೆ ಹಾಕಬೇಡಿ. ಕೆಲವು ಹಳೆಯ ಫ್ಲಾಶುಗಳಲ್ಲಿ ಕ್ಯಾಮೆರಾಗೆ ಸಿಕ್ಕಿಸುವ ಕಾಲಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಡಿಜಿಟಲ್ ಕ್ಯಾಮೆರಾದ ಸರ್ಕ್ಯೂಟ್ ಸುಟ್ಟುಹೋಗಬಹುದು. ಬೇರೊಂದು ಫ್ಲಾಶಿನ ಬೆಳಕು ನೋಡಿ ತಾನೂ ಹೊತ್ತಿಸುವ ಆಪ್ಟಿಕಲ್ ಸ್ಲೇವ್‌ಗೆ ಹಾಕಿ, ಕ್ಯಾಮೆರಾಗೆ ತಂತಿಯ ಸಂಬಂಧವೇ ಇರುವುದಿಲ್ಲ. ಆ ಸ್ಲೇವ್ ಎಷ್ಟು ವೋಲ್ಟ್ ತಡೆಯುತ್ತದೆ ಅಂತ ಮೊದಲು ನೋಡಿಕೊಳ್ಳಿ. ಹಳೆಯ ಫ್ಲಾಶನ್ನು ಬಿಚ್ಚಲು ಮಾತ್ರ ಹೋಗಬೇಡಿ. ಸೆಲ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಜೋರು ಶಾಕ್ ಹೊಡೆಯುವಷ್ಟು ವಿದ್ಯುತ್ತು ಹಿಡಿದಿಟ್ಟುಕೊಂಡಿರುತ್ತದೆ.

ಪ್ರತಿ ಸಲ ಇದನ್ನೆಲ್ಲ ಹೊಸದಾಗಿ ಹೊಂದಿಸಬೇಕಾ?

ಬೇಡ. ಒಮ್ಮೆ ಸರಿ ಬಂದ ಮೇಲೆ ಮೇಜಿನ ಕಾಲು, ಟ್ರೈಪಾಡ್, ಪರದೆ, ಥರ್ಮಾಕೋಲ್ ಇದ್ದ ಜಾಗಕ್ಕೆಲ್ಲ ನೆಲದ ಮೇಲೆ ಟೇಪಿನ ಗುರುತು ಹಾಕಿ. ಫ್ಲಾಶ್ ಪವರ್, ಅಪರ್ಚರ್, ದೂರ ಬರೆದಿಡಿ. ಇಡೀ ಜೋಡಣೆಯದ್ದೇ ಒಂದು ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ, ದೀಪ ಯಾವ ಎತ್ತರದಲ್ಲಿ ಇತ್ತು ಅನ್ನುವುದು ಬರಹಕ್ಕಿಂತ ಅದರಲ್ಲೇ ಚೆನ್ನಾಗಿ ತಿಳಿಯುತ್ತದೆ.